ಹೆಗಲ ಮೇಲೂ ನೀರಿನ ಮೇಲೂ: ಕ್ಯಾಂಪಿಂಗ್ ಸಾಮಾನು ಆರಿಸಿಕೊಳ್ಳುವ ಬಗೆ

"ವರ್ಷಕ್ಕೆ ನಾಲ್ಕೈದು ಸಲ ಚಾರಣಕ್ಕೆ ಹೋಗುತ್ತೇನೆ. ಈಗ ಕಯಾಕಿಂಗ್ ರುಚಿಯೂ ಹತ್ತಿದೆ. ಎರಡಕ್ಕೂ ಬೇರೆ ಬೇರೆ ಸಾಮಾನು ಕೊಳ್ಳುವಷ್ಟು ದುಡ್ಡಿಲ್ಲ. ಯಾವುದನ್ನು ಮೊದಲು ಕೊಳ್ಳಲಿ, ಯಾವುದಕ್ಕೆ ಜಾಸ್ತಿ ಕೊಡಲಿ?" ಪರಿಚಯದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹನ್ನೆರಡು ವರ್ಷಗಳ ಹಿಂದೆ ನನ್ನಲ್ಲೂ ಇದೇ ಪ್ರಶ್ನೆ ಇತ್ತು. ಉತ್ತರ ಹೇಳುವವರು ಸಿಗಲಿಲ್ಲ, ಕಣ್ಣಿಗೆ ಚೆಂದ ಕಂಡದ್ದನ್ನು ಕೊಂಡೆ. ಮೊದಲು ಕೊಂಡದ್ದು 75 ಲೀಟರಿನ ಬೆನ್ನುಚೀಲ. ಚೀಲದಲ್ಲಿ ಜಾಗ ಇದ್ದರೆ ಕೈ ಸುಮ್ಮನಿರುವುದಿಲ್ಲ, ತುಂಬುತ್ತಲೇ ಹೋದೆ. 19 ಕೆಜಿ ಹೊತ್ತು ಹೊರಟವನಿಗೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮಂಡಿ ಊದಿಕೊಂಡಿತ್ತು. ಆ ಚೀಲ ಮುಂದೆ ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿಯಲ್ಲಿ, ಸಾಮಾನು ಇಳಿಸುವ ಕಿಂಡಿಯೊಳಗೆ ಹಿಡಿಸಲೂ ಇಲ್ಲ.

ಅಲ್ಲಿಂದ ಕಲಿತದ್ದು ಒಂದೇ: ಸಾಮಾನನ್ನು ನೋಡಿ ಪ್ರವಾಸ ಹೊಂದಿಸಬಾರದು, ಪ್ರವಾಸವನ್ನು ನೋಡಿ ಸಾಮಾನು ಹೊಂದಿಸಬೇಕು. ಹಾಗಾಗಿ ವಸ್ತುಗಳ ಮಾತಿಗೆ ಮೊದಲು ಅಳತೆಗೋಲಿನ ಮಾತು.

ಅಳೆಯುವುದು ಯಾವುದರಿಂದ

ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಭಾರ ಹೊರುವುದು ಯಾರು? ಇದು ಒದ್ದೆಯಾದರೆ ಏನಾಗುತ್ತದೆ? ಊರಿಂದ ದೂರದಲ್ಲಿ ಇದು ಕೆಟ್ಟರೆ ನನ್ನ ಕೈಯಲ್ಲಿ ಸರಿಮಾಡಲು ಆಗುತ್ತದೆಯೇ?

ಭಾರ ಹೊರುವುದು ಕಾರಾದರೆ ತೂಕಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಹೆಗಲಾದರೆ ಪ್ರತಿ ನೂರು ಗ್ರಾಮೂ ಸಂಜೆಯ ಹೊತ್ತಿಗೆ ಲೆಕ್ಕ ಕೇಳುತ್ತದೆ. ದೋಣಿಯಾದರೆ ತೂಕದ ಚಿಂತೆ ಅರ್ಧ ಇಳಿಯುತ್ತದೆ, ಆದರೆ ಗಾತ್ರದ ಮತ್ತು ನೀರಿನ ಚಿಂತೆ ಶುರುವಾಗುತ್ತದೆ. ಹೆಗಲಿನ ಮೇಲೆ ಹೋಗುವ ಸಾಮಾನು ಮಳೆಗೆ ನೆನೆಯಬಹುದು, ಅಷ್ಟೇ. ದೋಣಿಯಲ್ಲಿ ಹೋಗುವುದು ಪೂರ್ತಿ ಮುಳುಗಬಹುದು.

ಇನ್ನೊಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ವರ್ಷದಲ್ಲಿ ಎಷ್ಟು ರಾತ್ರಿ ಹೊರಗೆ ಮಲಗುತ್ತೀರಿ? ಐದಕ್ಕಿಂತ ಕಡಿಮೆ ಇದ್ದರೆ ಹಲವು ವಸ್ತುಗಳನ್ನು ಬಾಡಿಗೆಗೆ ತರುವುದೇ ಜಾಣತನ. ಕಯಾಕ್ ಅಂತೂ ಮೊದಲ ವರ್ಷ ಬಾಡಿಗೆಯದ್ದೇ ಆಗಲಿ. ನಾಲ್ಕು ಬಗೆಯ ದೋಣಿಯಲ್ಲಿ ಕೂತು ನೋಡದೆ ನಿಮ್ಮ ಸೊಂಟ, ಮಂಡಿಗೆ ಯಾವುದು ಒಗ್ಗುತ್ತದೆಂದು ತಿಳಿಯುವುದಿಲ್ಲ.

ಮೊದಲು ನಿದ್ದೆ

ನಿದ್ದೆಗೆಟ್ಟವರು ಮಾರನೇ ದಿನ ಜಾರುತ್ತಾರೆ, ದಾರಿ ತಪ್ಪುತ್ತಾರೆ, ಮುಂಗೋಪಿಗಳಾಗುತ್ತಾರೆ. ಆದ್ದರಿಂದ ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ, ಅದರಲ್ಲೂ ಮ್ಯಾಟ್‌ಗೆ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ದುಬಾರಿ ಸ್ಲೀಪಿಂಗ್ ಬ್ಯಾಗ್ ಕೊಂಡು ಕೆಳಗೆ ತೆಳ್ಳನೆಯದೇನೋ ಹಾಸಿ ರಾತ್ರಿಯಿಡೀ ನಡುಗುತ್ತಾರೆ. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಚಪ್ಪಟೆಯಾಗಿ ಅದರಲ್ಲಿ ಗಾಳಿಯೇ ಉಳಿಯುವುದಿಲ್ಲ; ಗಾಳಿ ಇಲ್ಲದ ಕಡೆ ಬೆಚ್ಚಗೂ ಇಲ್ಲ. ಅಲ್ಲಿಂದ ಮುಂದೆ ನೆಲದ ಥಂಡಿ ತಡೆಯುವುದು ಮ್ಯಾಟ್ ಒಂದೇ.

ಮ್ಯಾಟ್ ಎಷ್ಟು ಶಾಖ ಹಿಡಿದಿಡುತ್ತದೆ ಎಂಬುದಕ್ಕೆ ಆರ್-ವ್ಯಾಲ್ಯೂ ಎಂಬ ಅಳತೆ ಇದೆ. ಒಂದು ಕಾಲದಲ್ಲಿ ಒಂದೊಂದು ಕಂಪನಿ ಒಂದೊಂದು ರೀತಿ ಅಳೆದು ಬರೆಯುತ್ತಿತ್ತು. ಎಎಸ್‌ಟಿಎಂ ಎಫ್3340 ಎಂಬ ಸಾಮಾನ್ಯ ಪರೀಕ್ಷಾ ವಿಧಾನ 2018ರಲ್ಲಿ ಬಂದಮೇಲೆ, ಅದನ್ನು ಅನುಸರಿಸುವ ಕಂಪನಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಬೇಸಿಗೆಯ ರಾತ್ರಿಗಳಿಗೆ 1ರಿಂದ 2 ಸಾಕು. ವರ್ಷದ ಬಹುಪಾಲು ತಿಂಗಳುಗಳಿಗೆ 3ರಿಂದ 4 ಬೇಕು. ಹಿಮದ ಮೇಲೆ ಮಲಗುವವರು 5ಕ್ಕಿಂತ ಕೆಳಗೆ ಇಳಿಯಬಾರದು.

ಆಯ್ಕೆ ಎರಡು. ಫೋಮ್ ಮ್ಯಾಟ್ ಅಗ್ಗ, ತೂತಾಗುವ ಭಯವಿಲ್ಲ, ಕಲ್ಲಿನ ಮೇಲೂ ಮುಳ್ಳಿನ ಮೇಲೂ ಧೈರ್ಯವಾಗಿ ಬಿಚ್ಚಬಹುದು, ನಡುದಾರಿಯಲ್ಲಿ ಕೂರಲೂ ಆಗುತ್ತದೆ. ಆದರೆ ಆರ್-ವ್ಯಾಲ್ಯೂ 2ರ ಆಸುಪಾಸು, ಮಗ್ಗುಲಾಗಿ ಮಲಗುವವರಿಗೆ ಸೊಂಟ ನೆಲಕ್ಕೆ ತಾಗುತ್ತದೆ. ಗಾಳಿ ತುಂಬುವ ಮ್ಯಾಟ್ ಅದೇ ತೂಕಕ್ಕೆ ದುಪ್ಪಟ್ಟು ಬೆಚ್ಚಗೆ, ಮೆತ್ತಗೆ, ಮಡಚಿದರೆ ನೀರಿನ ಬಾಟಲಿಯಷ್ಟು. ತೂತಾದರೆ ಮಾತ್ರ ಬರಿ ಪ್ಲಾಸ್ಟಿಕ್ ಹಾಳೆ. ನಾನು ಗಾಳಿ ಮ್ಯಾಟ್ ಕೊಂಡು, ಜೊತೆಗೆ ತೆಳು ಫೋಮನ್ನೂ ಒಯ್ಯುತ್ತೇನೆ. ಎರಡನ್ನು ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂಗಳು ಕೂಡಿಕೊಳ್ಳುತ್ತವೆ, ಮೇಲಿನದು ತೂತಾದರೂ ಕೆಳಗಿನದು ಬೆಳಗಿನವರೆಗೆ ಕಾಯುತ್ತದೆ. ತೇಪೆಯ ಪಟ್ಟಿ ಚೀಲದಲ್ಲಿ ಇರಲೇಬೇಕು.

ಸ್ಲೀಪಿಂಗ್ ಬ್ಯಾಗ್ ವಿಷಯದಲ್ಲಿ ಚಾರಣ ಮತ್ತು ನೀರಿನ ದಾರಿಗಳು ನಿಜವಾಗಿಯೂ ಕವಲೊಡೆಯುತ್ತವೆ. ಬಾತುಕೋಳಿ, ಹೆಬ್ಬಾತುಗಳ ಒಳಗರಿ, ಅಂದರೆ ಡೌನ್ ತುಂಬಿದ ಬ್ಯಾಗು ಹಗುರ, ಮುಷ್ಟಿಯಷ್ಟಕ್ಕೆ ಅಡಗುತ್ತದೆ, ಜೋಪಾನ ಮಾಡಿದರೆ ದಶಕಗಳ ಕಾಲ ಬಾಳುತ್ತದೆ. ಅದರ ಮೇಲೆ 600, 750, 850 ಎಂದು ಬರೆದಿರುವುದು ಫಿಲ್ ಪವರ್: ಸುಮಾರು 28 ಗ್ರಾಂ ಗರಿ ಎಷ್ಟು ಘನ ಅಂಗುಲ ಜಾಗ ತುಂಬಿ ಉಬ್ಬುತ್ತದೆ ಎಂಬ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಕಡಿಮೆ ಗರಿಯಲ್ಲಿ ಹೆಚ್ಚು ಬೆಚ್ಚಗೆ, ಬೆಲೆಯೂ ಹೆಚ್ಚು. ಆದರೆ ಫಿಲ್ ಪವರ್ ಒಂದನ್ನೇ ನೋಡಿ ಮೋಸಹೋಗಬೇಡಿ. ಒಳಗೆ ಎಷ್ಟು ಗ್ರಾಂ ಗರಿ ಇದೆ ಎಂಬುದೂ ಅಷ್ಟೇ ಮುಖ್ಯ. ಡೌನಿನ ದೊಡ್ಡ ದೌರ್ಬಲ್ಯ ನೀರು. ಒದ್ದೆಯಾದರೆ ಗರಿ ಮುದ್ದೆಗಟ್ಟುತ್ತದೆ, ಒಣಗಲು ದಿನವೇ ಬೇಕು. ಕೃತಕ ನೂಲು ತುಂಬಿದ ಸಿಂಥೆಟಿಕ್ ಬ್ಯಾಗು ಅಷ್ಟೇ ಬೆಚ್ಚಗಿರಲು ಹೆಚ್ಚುಕಡಿಮೆ ಒಂದೂವರೆ ಪಟ್ಟು ತೂಗುತ್ತದೆ, ಮತ್ತೆ ಮತ್ತೆ ಅಮುಕಿ ತುಂಬುವುದರಿಂದ ಕೆಲವೇ ವರ್ಷಗಳಲ್ಲಿ ಉಬ್ಬು ಕಳೆದುಕೊಳ್ಳುತ್ತದೆ. ಆದರೆ ಒದ್ದೆಯಾದರೂ ಪೂರ್ತಿ ಕೈಬಿಡುವುದಿಲ್ಲ, ಬೆಲೆಯೂ ಕೈಗೆಟಕುತ್ತದೆ.

ನಡೆಯುವುದೇ ಹೆಚ್ಚು ಎನ್ನುವವರಿಗೆ ಡೌನ್, ದೋಣಿಯೇ ಹೆಚ್ಚು ಎನ್ನುವವರಿಗೆ ಸಿಂಥೆಟಿಕ್ ಎನ್ನುವುದು ವಾಡಿಕೆಯ ಉತ್ತರ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದೇ ಬ್ಯಾಗಿಗೆ ದುಡ್ಡಿದ್ದರೆ ಡೌನನ್ನೇ ಕೊಂಡು, ಅದನ್ನು ನೀರು ಒಳಹೋಗದ ಚೀಲ, ಅಂದರೆ ಡ್ರೈ ಬ್ಯಾಗಿನ ಎರಡು ಪದರದೊಳಗೆ ಇಟ್ಟು ದೋಣಿಗೂ ಒಯ್ಯಬಹುದು. ಆರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಒಂದು ಸಲವೂ ಒದ್ದೆಯಾಗಿಲ್ಲ. ಆದರೆ ಚೀಲದ ಬಾಯಿ ಮಡಚುವಾಗ ಅವಸರ ಮಾಡುವ ಸ್ವಭಾವದವರು, ಮತ್ತು ವಾರಗಟ್ಟಲೆ ತೇವದ ಹವೆಯಲ್ಲೇ ಇರುವವರು ಸಿಂಥೆಟಿಕ್ ಕಡೆಗೇ ಹೋಗಲಿ.

ಬ್ಯಾಗಿನ ಮೇಲಿನ ಉಷ್ಣಾಂಶದ ಅಂಕಿಗಳನ್ನು ಓದುವುದನ್ನು ಕಲಿಯಿರಿ. ಹಿಂದೆ ಇಎನ್ 13537, ಈಗ ಐಎಸ್‌ಒ 23537 ಎಂಬ ಮಾನದಂಡದಂತೆ ಪರೀಕ್ಷಿಸಿದ ಬ್ಯಾಗುಗಳಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ಅಂಕಿ ಇರುತ್ತವೆ. ನೀವು ನಂಬಬೇಕಾದದ್ದು ಹಾಯಾಗಿ ಮಲಗಬಹುದಾದ ಉಷ್ಣಾಂಶ ಹೇಳುವ ಕಂಫರ್ಟ್ ಅನ್ನು ಮಾತ್ರ. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಜೀವ ಉಳಿಯಬಹುದು, ಅದೂ ಮೈ ಸೆಟೆಯುವ ಅಪಾಯದ ಜೊತೆಗೆ, ಎಂದರ್ಥ. ಅಂಗಡಿಯ ಚೀಟಿಯಲ್ಲಿ ಇದೇ ಅಂಕಿ ದೊಡ್ಡದಾಗಿ ಕಾಣಿಸಿದರೆ ಬ್ಯಾಗನ್ನು ಅಲ್ಲೇ ಕೆಳಗಿಡಿ.

ತಲೆಯ ಮೇಲೆ ಸೂರು

ಟೆಂಟಿನ ಲೋಕ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಗೋಡೆ ಒಂದೋ ಎರಡೋ? ಗೂಟ ಹೊಡೆಯದೆ ತಾನಾಗಿ ನಿಲ್ಲುತ್ತದೋ ಇಲ್ಲವೋ?

ಒಂದೇ ಗೋಡೆಯ ಟೆಂಟ್ ಹಗುರ. ಆದರೆ ರಾತ್ರಿಯಿಡೀ ನಮ್ಮ ಉಸಿರು, ಬೆವರಿನಿಂದ ಹೊರಡುವ ತೇವ ತಣ್ಣನೆಯ ಬಟ್ಟೆಗೆ ತಾಗಿ ಒಳಗೇ ಹನಿಗಟ್ಟುತ್ತದೆ. ಎರಡು ಗೋಡೆಯದರಲ್ಲಿ ಹನಿ ಹೊರಗೋಡೆಗೆ ಕೂರುತ್ತದೆ, ಒಳಗಿನ ಬಲೆ ನಮ್ಮನ್ನು ಅದರಿಂದ ದೂರ ಇಡುತ್ತದೆ. ಗಾಳಿ ಆಡುವ ಒಣ ಬೆಟ್ಟದ ಸಾಲಿನಲ್ಲಿ ಒಂದು ಗೋಡೆ ನಡೆಯುತ್ತದೆ. ನದಿ ದಡ, ಕೆರೆ ದಂಡೆಯಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಅಲ್ಲಿ ಬೆಳಗಾಗುವಷ್ಟರಲ್ಲಿ ಬ್ಯಾಗಿನ ಕಾಲ್ಭಾಗ ತೊಯ್ದಿರುತ್ತದೆ.

ತಾನಾಗಿ ನಿಲ್ಲುವ ಟೆಂಟಿಗೆ ಸ್ವಂತ ಕಂಬಿಗಳಿವೆ, ಅದಕ್ಕೇ ತೂಕ. ನಡೆಯುವ ಕೋಲುಗಳನ್ನೇ ಕಂಬವಾಗಿ ಬಳಸುವ ಟೆಂಟು ಒಂದು ಕೆಜಿಯ ಒಳಗೂ ಸಿಗುತ್ತದೆ, ಆದರೆ ಗೂಟ ಕಚ್ಚುವ ನೆಲ ಬೇಕು. ದೋಣಿಯವರು ಮಲಗುವುದು ಬಹುಪಾಲು ಮರಳು, ಉರುಟುಗಲ್ಲು, ಬಂಡೆಯ ಮೇಲೆ. ಮರಳಿನಲ್ಲಿ ಸಾಮಾನ್ಯ ಗೂಟ ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿಯಂತೆ ಎದ್ದು ಬರುತ್ತದೆ. ಅದೂ ಅಲ್ಲದೆ ದೋಣಿಯಲ್ಲಿ ಹೋಗುವವರು ನಡೆಯುವ ಕೋಲನ್ನು ಒಯ್ಯುವುದಾದರೂ ಯಾಕೆ? ಆದ್ದರಿಂದ ಎರಡಕ್ಕೂ ಒಂದೇ ಟೆಂಟ್ ಬೇಕೆನ್ನುವವರು ಎರಡು ಗೋಡೆಯ, ತಾನಾಗಿ ನಿಲ್ಲುವ, 2 ಕೆಜಿಯ ಆಸುಪಾಸಿನ ಇಬ್ಬರ ಟೆಂಟನ್ನು ಕೊಂಡರೆ ಪಶ್ಚಾತ್ತಾಪ ಪಡುವುದಿಲ್ಲ. ಕೊಳ್ಳುವಾಗ ಮಡಚಿದ ಕಂಬಿಯ ಉದ್ದ ಅಳೆಯಿರಿ. ಕಯಾಕಿನ ಕಿಂಡಿಯಲ್ಲಿ ಅದು ಓರೆಯಾಗಿಯಾದರೂ ಇಳಿಯಬೇಕು.

ಬಟ್ಟೆಯ ವಿಷಯ ಚುಟುಕಾಗಿ. ನೈಲಾನ್ ಗಟ್ಟಿ, ಆದರೆ ನೆನೆದರೆ ಹಿಗ್ಗಿ ಜೋತುಬೀಳುತ್ತದೆ. ಮಲಗುವ ಮುನ್ನ ಹಗ್ಗ ಮತ್ತೊಮ್ಮೆ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಡೈನೀಮಾ ಎಂಬ ಗಟ್ಟಿ ಕೃತಕ ನೂಲಿನ ಬಟ್ಟೆ ನೀರು ಕುಡಿಯುವುದಿಲ್ಲ, ಹಿಗ್ಗುವುದಿಲ್ಲ, ತೀರಾ ಹಗುರ. ಬೆಲೆ ಮಾತ್ರ ಹಲವು ಪಟ್ಟು. ತಿಂಗಳುಗಟ್ಟಲೆ ನಡೆಯುವವರಿಗೆ ಅದು ತಕ್ಕದ್ದು, ವಾರಾಂತ್ಯದವರಿಗೆ ಅಲ್ಲ.

ಎರಡು ಮರಗಳ ನಡುವೆ ಕಟ್ಟಿ ಮಲಗುವ ತೂಗುಹಾಸಿಗೆ, ಅಂದರೆ ಹ್ಯಾಮಕ್ ಇಷ್ಟಪಡುವವರೂ ಇದ್ದಾರೆ. ಇಳಿಜಾರು, ಕಲ್ಲು, ಕೆಸರು ಯಾವುದರ ಹಂಗೂ ಇಲ್ಲ, ಓರೆಯಾಗಿ ಮಲಗಿದರೆ ಬೆನ್ನು ನೇರವಾಗಿಯೇ ಇರುತ್ತದೆ. ಆದರೆ ಬೆನ್ನಿನ ಕೆಳಗೆ ಗಾಳಿ ಬೀಸುವುದರಿಂದ ತಂಪು ಹವೆಯಲ್ಲಿ ಕೆಳಹೊದಿಕೆ ಬೇಕು, ಮೇಲೆ ಮಳೆ ತಡೆಯುವ ಹಾಳೆ, ಅಂದರೆ ಟಾರ್ಪ್ ಬೇಕು. ಎಲ್ಲ ಸೇರಿದರೆ ಟೆಂಟಿನ ತೂಕವೇ. ಮರವಿಲ್ಲದ ಕಡೆ ಅದು ಕೆಲಸಕ್ಕೆ ಬಾರದು.

ಬೆನ್ನುಚೀಲ ಕೊನೆಗೆ

ಉಳಿದೆಲ್ಲ ಕೊಂಡಮೇಲೆ ಅದನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಗಾತ್ರ ನೋಡಿ, ಆಮೇಲೆ ಚೀಲ ಕೊಳ್ಳಿ. ಮೂರು ನಾಲ್ಕು ದಿನಕ್ಕೆ 45ರಿಂದ 55 ಲೀಟರ್ ಸಾಕಾಗುತ್ತದೆ. ಅಳತೆ ನೋಡಬೇಕಾದದ್ದು ನಿಮ್ಮ ಎತ್ತರದ್ದಲ್ಲ, ಬೆನ್ನಿನದು: ಕತ್ತು ಬಗ್ಗಿಸಿದಾಗ ಬುಡದಲ್ಲಿ ಉಬ್ಬಿ ನಿಲ್ಲುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ. ಆರಡಿಯವರಿಗೆ ಗಿಡ್ಡ ಬೆನ್ನು, ಐದೂವರೆ ಅಡಿಯವರಿಗೆ ಉದ್ದ ಬೆನ್ನು ಇರುವುದುಂಟು. ಭಾರದ ಬಹುಪಾಲು ಸೊಂಟಪಟ್ಟಿಯ ಮೇಲೆ ಕೂರಬೇಕು, ಹೆಗಲಪಟ್ಟಿ ಚೀಲವನ್ನು ಬೆನ್ನಿಗೆ ಆನಿಸಿ ಹಿಡಿದರೆ ಸಾಕು. ಅಂಗಡಿಯಲ್ಲೇ 10 ಕೆಜಿ ತುಂಬಿ ಕಾಲು ಗಂಟೆ ಓಡಾಡಿ.

ಒಟ್ಟು ಭಾರ 9 ಕೆಜಿಯೊಳಗೆ ಇಳಿಸಿಕೊಂಡವರು ಮಾತ್ರ ಚೌಕಟ್ಟಿಲ್ಲದ ಹಗುರ ಚೀಲದ ಬಗ್ಗೆ ಯೋಚಿಸಲಿ. ಮಳೆಗೆ ಹೊರಹೊದಿಕೆಗಿಂತ ಒಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲವನ್ನೇ ನಾನು ನಂಬುತ್ತೇನೆ. ಹೊರಹೊದಿಕೆ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ, ನೀರು ಹೆಗಲ ಮೇಲಿಂದ ಅಲ್ಲಿಗೇ ಇಳಿಯುತ್ತದೆ.

ಒಲೆ ಮತ್ತು ಕುಡಿಯುವ ನೀರು

ಇಲ್ಲಿ ದುಡ್ಡು ಉಳಿಸಿ. ಗ್ಯಾಸ್ ಡಬ್ಬಿಯ ಮೇಲೆ ತಿರುಚಿ ಕೂರಿಸುವ ಪುಟ್ಟ ಸ್ಟೌವ್ ನೂರು ಗ್ರಾಂ ಆಸುಪಾಸಿನದು, ಬಹುತೇಕರಿಗೆ ಅದೇ ಸಾಕು. ಡಬ್ಬಿಯಲ್ಲಿ ಬರಿ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದೇ ಇಲ್ಲ. ಐಸೊಬ್ಯೂಟೇನ್ ಮೈನಸ್ 11ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತವೆ. ಆದ್ದರಿಂದ ಚಳಿಗೆ ಈ ಎರಡರ ಮಿಶ್ರಣ ಇರುವ ಡಬ್ಬಿ ನೋಡಿ ಕೊಳ್ಳಿ. ಕಡುಚಳಿಗೆ, ದೊಡ್ಡ ಗುಂಪಿಗೆ ದ್ರವ ಇಂಧನದ ಒಲೆ ಒಳ್ಳೆಯದು, ಅದನ್ನು ಬಿಚ್ಚಿ ಸರಿಮಾಡಲೂ ಬರುತ್ತದೆ. ಸ್ಪಿರಿಟ್ ಒಲೆ ಅಗ್ಗ, ಸದ್ದಿಲ್ಲ, ನಿಧಾನ. ವಿಮಾನದಲ್ಲಿ ಹೋಗುವವರು ನೆನಪಿಡಬೇಕು: ಇಂಧನವನ್ನು ಯಾವ ಲಗೇಜಿನಲ್ಲೂ ಒಯ್ಯುವಂತಿಲ್ಲ. ಯಾವ ಒಲೆಯಾದರೂ ಮುಚ್ಚಿದ ಟೆಂಟಿನೊಳಗೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ನೀರಿಗೆ ಟೊಳ್ಳು ನೂಲಿನ ಫಿಲ್ಟರ್ ಅನುಕೂಲ. ಬ್ಯಾಕ್ಟೀರಿಯಾ, ಪ್ರೊಟೊಜೋವಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಒಮ್ಮೆ ಬಳಸಿದ್ದು ಹೆಪ್ಪುಗಟ್ಟಿದರೆ ಒಳಗಿನ ನೂಲು ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಚಳಿಯ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿ. ಜನವಸತಿಯ ಕೆಳಗಿನ ಹೊಳೆ ನೀರಾದರೆ ಕುದಿಸಿ: ಕುದಿ ಬಂದಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ದೋಣಿ: ಇಲ್ಲಿ ಅವಸರ ಬೇಡ

ಕಯಾಕ್ ನೋಡುವಾಗ ಜನ ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ. ನಾನು ಮೊದಲು ಕೇಳುವುದು: ಇದನ್ನು ಎಲ್ಲಿ ಇಡುತ್ತೀರಿ, ನೀರಿನವರೆಗೆ ಯಾರು ಎತ್ತುತ್ತಾರೆ? 28 ಕೆಜಿಯ ಗಟ್ಟಿ ಕಯಾಕನ್ನು ಒಬ್ಬರೇ ಕಾರಿನ ಮೇಲೆ ಏರಿಸಲು ಆಗದೆ, ಕೊಂಡ ಎರಡನೇ ವರ್ಷವೇ ಮಾರಿದವರನ್ನು ಕಂಡಿದ್ದೇನೆ.

ಉದ್ದ ಮತ್ತು ಅಗಲದ ಲೆಕ್ಕ ಸರಳ. ಉದ್ದ, ಸಪೂರ ದೋಣಿ ವೇಗವಾಗಿ, ನೇರವಾಗಿ ಹೋಗುತ್ತದೆ. ಗಿಡ್ಡದು ಬೇಗ ತಿರುಗುತ್ತದೆ. ಅಗಲವಾದದ್ದು ಶಾಂತ ನೀರಿನಲ್ಲಿ ಅಲುಗದೆ ಕೂರುತ್ತದೆ, ಹಾಗಾಗಿ ಹೊಸಬರಿಗೆ ಧೈರ್ಯ. ಆದರೆ ಅಲೆ ಬಂದಾಗ ಅದೇ ಅಗಲ ಅಲೆಯ ಜೊತೆಗೇ ವಾಲುತ್ತದೆ. ಸಪೂರವಾದದ್ದು ಮೊದಲು ಕೂತಾಗ ತುಯ್ಯುತ್ತದೆ, ಒಂದು ಮಟ್ಟಕ್ಕೆ ವಾಲಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲ ಹತ್ತು ನಿಮಿಷದ ಅನಿಸಿಕೆಯಿಂದ ದೋಣಿ ಆರಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಮೇಲೆ ಕೂರುವ ಕಯಾಕ್ ಬೆಚ್ಚನೆ ನೀರಿಗೆ, ಈಜಿಗೆ, ಮಕ್ಕಳ ಜೊತೆಗೆ ಅತ್ಯುತ್ತಮ. ಮಗುಚಿದರೆ ತಿರುಗಿಸಿ ಹತ್ತುವುದು ಸುಲಭ, ನೀರು ತೂತುಗಳಿಂದ ತಾನೇ ಇಳಿಯುತ್ತದೆ. ಮೈ ಮಾತ್ರ ಸದಾ ಒದ್ದೆ. ಒಳಗೆ ಕೂರುವ, ಸುಮಾರು ಮೂರು ಮೀಟರಿನ ಅಗಲ ಕಯಾಕ್ ಅಗ್ಗಕ್ಕೆ ಸಿಗುತ್ತದೆ, ಎಲ್ಲೆಡೆ ಕಾಣುತ್ತದೆ. ಇದರ ಬಗ್ಗೆ ಎಚ್ಚರ ಹೇಳಲೇಬೇಕು: ಅಗ್ಗದವುಗಳಲ್ಲಿ ಮುಂದೆ ಹಿಂದೆ ಎರಡೂ ಕಡೆ ನೀರು ತಡೆಯುವ ಅಡ್ಡಗೋಡೆ ಇರುವುದಿಲ್ಲ. ಮಗುಚಿದರೆ ಪೂರ್ತಿ ತುಂಬಿಕೊಳ್ಳುತ್ತದೆ, ನಡುನೀರಿನಲ್ಲಿ ಮತ್ತೆ ಹತ್ತುವುದು ಆಗದ ಮಾತು. ದಡಕ್ಕೆ ಈಜಿ ಮುಟ್ಟುವಷ್ಟು ಹತ್ತಿರದಲ್ಲೇ ಅದನ್ನು ಬಳಸಬೇಕು, ಗಾಳಿ ತುಂಬಿದ ತೇಲುಚೀಲಗಳನ್ನು ಒಳಗೆ ತುರುಕಬೇಕು.

ದಿನಗಟ್ಟಲೆ ಪ್ರವಾಸಕ್ಕೆ ಬೇಕಾದದ್ದು ಟೂರಿಂಗ್ ಕಯಾಕ್: 4.2ರಿಂದ 5.2 ಮೀಟರ್ ಉದ್ದ, 55ರಿಂದ 60 ಸೆಂ.ಮೀ. ಅಗಲ, ಎರಡು ಅಡ್ಡಗೋಡೆ, ಮುಚ್ಚಳದ ಕಿಂಡಿಗಳು. ಅದರ ಜೊತೆಗೆ ಮಗುಚಿದಾಗ ಹೊರಬರುವುದು, ಮತ್ತೆ ಹತ್ತುವುದು ಎರಡನ್ನೂ ಕಲಿಯಬೇಕು. ಕಲಿಯಲು ಮನಸ್ಸಿಲ್ಲದಿದ್ದರೆ ಆ ದೋಣಿ ಬೇಡ. ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ದೋಣಿ ಭಾರ, ಆದರೆ ಬಂಡೆಗೆ ಉಜ್ಜಿದರೂ ಗೀರು ಬಿದ್ದು ಸುಮ್ಮನಾಗುತ್ತದೆ. ಫೈಬರ್‌ಗ್ಲಾಸ್ ಹಗುರ, ಚುರುಕು. ಒಡೆಯಬಹುದು, ಆದರೆ ತೇಪೆ ಹಾಕಲೂ ಬರುತ್ತದೆ. ಕಲ್ಲು ತುಂಬಿದ ಹೊಳೆಗೆ ಮೊದಲನೆಯದು, ತೆರೆದ ನೀರಿಗೆ ಎರಡನೆಯದು.

ಫ್ಲ್ಯಾಟಿನಲ್ಲಿ ಇರುವವರಿಗೆ ಗಾಳಿ ತುಂಬುವ ಕಯಾಕ್ ವರವೇ ಸರಿ, ಗಾಳಿ ಎದ್ದ ದಿನ ಮಾತ್ರ ಎಲೆಯಂತೆ ಪಕ್ಕಕ್ಕೆ ಸರಿಯುತ್ತದೆ. ಒಣಗಿಸದೆ ಮಡಚಿಟ್ಟರೆ ಬೂಷ್ಟು. ಮಡಚುವ ದೋಣಿಗಳನ್ನು ಆಟಿಕೆ ಎಂದುಕೊಳ್ಳಬೇಡಿ. ಜರ್ಮನಿಯ ವೈದ್ಯ ಹಾನ್ನೆಸ್ ಲಿಂಡೆಮನ್ 1956ರಲ್ಲಿ ಅಟ್ಲಾಂಟಿಕ್ ಸಾಗರವನ್ನು 72 ದಿನಗಳಲ್ಲಿ ಒಬ್ಬರೇ ದಾಟಿದ್ದು ಕ್ಲೆಪ್ಪರ್ ಕಂಪನಿಯ ಮಡಚುವ ಕಯಾಕಿನಲ್ಲಿ. ಅವು ದುಬಾರಿ, ಜೋಡಿಸಲು ತಾಳ್ಮೆ ಬೇಕು, ಅಷ್ಟೇ.

ನಡಿಗೆ ಮತ್ತು ನೀರು ಎರಡನ್ನೂ ಒಂದೇ ಪ್ರವಾಸದಲ್ಲಿ ಬೆಸೆಯುವ ಆಸೆಯಿದ್ದವರಿಗೆ ನನ್ನ ಪ್ರಕಾರ ಎರಡೇ ದಾರಿ. ಒಂದು ಪ್ಯಾಕ್‌ರಾಫ್ಟ್: 2ರಿಂದ 4 ಕೆಜಿ, ಬೆನ್ನುಚೀಲದೊಳಗೇ ಕೂರುತ್ತದೆ, ಬೆಟ್ಟ ದಾಟಿ ಹೊಳೆ ಸಿಕ್ಕಲ್ಲಿ ಊದಿ ಇಳಿಯಬಹುದು. ವೇಗ ಕಡಿಮೆ, ಎದುರುಗಾಳಿಗೆ ಮುಂದೆ ಹೋಗುವುದೇ ಕಷ್ಟ. ಇನ್ನೊಂದು ಕನೂ, ಅಂದರೆ ಮೇಲ್ಭಾಗ ತೆರೆದ ದೋಣಿ. ಬೆನ್ನುಚೀಲವನ್ನು ಇಡಿಯಾಗಿ ಒಳಗಿಡಬಹುದು, ನಡುವೆ ನೆಲ ಸಿಕ್ಕರೆ ಚೀಲವನ್ನು ಬೆನ್ನಿಗೆ, ದೋಣಿಯನ್ನು ಹೆಗಲಿಗೆ ಏರಿಸಿ ಮುಂದಿನ ಕೆರೆಗೆ ನಡೆಯಬಹುದು. ಇಬ್ಬರಿಗೆ, ಸಂಸಾರಕ್ಕೆ, ನಾಯಿಯ ಜೊತೆಗೂ ಕನೂವಿನಷ್ಟು ಧಾರಾಳ ದೋಣಿ ಇನ್ನೊಂದಿಲ್ಲ. ಗಾಳಿಗೆ ಮೈಯೊಡ್ಡಿ ನಿಲ್ಲುವುದು ಅದರ ಕೊರತೆ.

ಹುಟ್ಟು, ಲೈಫ್ ಜಾಕೆಟ್, ಮೈಮೇಲಿನ ಬಟ್ಟೆ

ದೋಣಿಗೆ ಖರ್ಚು ಮಾಡಿ ಉಳಿದ ಚಿಲ್ಲರೆಗೆ ಹುಟ್ಟು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೆ. ನಿಮಿಷಕ್ಕೆ 50 ಸಲ ಹುಟ್ಟು ಹಾಕಿದರೆ ಗಂಟೆಗೆ 3,000 ಸಲ ಅದನ್ನು ಎತ್ತಬೇಕು. ಅಲ್ಯುಮಿನಿಯಂ ಹಿಡಿಯ ಹುಟ್ಟು ಒಂದು ಕೆಜಿ ದಾಟುತ್ತದೆ, ಕಾರ್ಬನ್‌ನದು 700 ಗ್ರಾಂ ಸುತ್ತಮುತ್ತ. ಸಂಜೆ ಹೆಗಲು ಈ ವ್ಯತ್ಯಾಸವನ್ನು ಬಿಡದೆ ಹೇಳುತ್ತದೆ. ಸಾಧಾರಣ ದೋಣಿ, ಒಳ್ಳೆಯ ಹುಟ್ಟು: ಇದು ಒಳ್ಳೆಯ ದೋಣಿ, ಸಾಧಾರಣ ಹುಟ್ಟಿಗಿಂತ ಸುಖ. ಫೈಬರ್‌ಗ್ಲಾಸ್ ಹುಟ್ಟು ಇವೆರಡರ ನಡುವಿನ ಸಮಾಧಾನದ ಜಾಗ. ದೋಣಿ ಅಗಲವಾದಷ್ಟೂ, ನೀವು ಎತ್ತರವಾದಷ್ಟೂ ಹುಟ್ಟು ಉದ್ದ ಬೇಕು. ಸಾಮಾನ್ಯವಾಗಿ 210ರಿಂದ 240 ಸೆಂ.ಮೀ. ಒಳಗೆ.

ಲೈಫ್ ಜಾಕೆಟ್‌ನಲ್ಲಿ ಬಜೆಟ್ ಲೆಕ್ಕ ಬೇಡ. 50 ನ್ಯೂಟನ್ ತೇಲುಬಲದ ಫೋಮ್ ಜಾಕೆಟ್ ಈಜು ಬರುವ, ಹತ್ತಿರ ನೆರವಿರುವ ದೋಣಿಗರಿಗೆ. ಅದರಲ್ಲಿ ಕೈ ಆಡಿಸಲು ಸಲೀಸು. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ತಿರುಗಿಸುವ ಕೆಲಸ ಅದರದ್ದಲ್ಲ, ಅದಕ್ಕೆ 100, 150 ನ್ಯೂಟನ್‌ನವು ಬೇರೆ ಇವೆ. ತೊಟ್ಟು ಪಟ್ಟಿ ಬಿಗಿದ ಮೇಲೆ ಬೇರೆಯವರಿಗೆ ಹೆಗಲ ಭಾಗ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗಲ್ಲಕ್ಕೆ, ಕಿವಿಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಸೀಟಿನ ಮೇಲೆ ದಿಂಬಾಗಿ ಹಾಕಿ ಕೂರಬೇಡಿ, ಫೋಮ್ ಕುಗ್ಗುತ್ತದೆ.

ಬಟ್ಟೆ ಹಾಕಬೇಕಾದದ್ದು ಗಾಳಿಯ ಹವೆಗಲ್ಲ, ನೀರಿನ ಹವೆಗೆ. ತಣ್ಣೀರಿನ ಬಗ್ಗೆ ಕೆನಡಾದ ಸಂಶೋಧಕ ಗೋರ್ಡನ್ ಗೀಸ್‌ಬ್ರೆಕ್ಟ್ ಅವರ 1-10-1 ಸೂತ್ರ ಪ್ರತಿಯೊಬ್ಬ ದೋಣಿಗರಿಗೂ ಬಾಯಿಪಾಠವಾಗಬೇಕು: ಕೊರೆಯುವ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ನೀರು ತಂಪಾಗಿದ್ದರೆ ಮೈಗೆ ಬಿಗಿಯಾಗಿ ಕೂತು ಒದ್ದೆಯಲ್ಲೂ ಬೆಚ್ಚಗಿಡುವ ವೆಟ್‌ಸೂಟ್, ಕೊರೆಯುವಂತಿದ್ದರೆ ನೀರನ್ನೇ ಒಳಬಿಡದ ಡ್ರೈಸೂಟ್. ಡ್ರೈಸೂಟಿಗೆ ದುಡ್ಡಿಲ್ಲ ಎಂದಾದರೆ ಆ ನೀರಿಗೆ ಆ ಕಾಲದಲ್ಲಿ ಇಳಿಯದಿರುವುದೇ ಉತ್ತರ. ಹತ್ತಿ ಬಟ್ಟೆ ಇಲ್ಲಿಯೂ ಬೇಡ, ಬೆಟ್ಟದಲ್ಲೂ ಬೇಡ.

ಡ್ರೈ ಬ್ಯಾಗುಗಳು 60 ಲೀಟರಿನದು ಒಂದರ ಬದಲು 8ರಿಂದ 15 ಲೀಟರಿನವು ಐದಾರು ಇರಲಿ, ಬೇರೆ ಬೇರೆ ಬಣ್ಣದವು. ಕಯಾಕಿನ ಮೂಲೆಗಳಿಗೆ ಚಿಕ್ಕವೇ ಹಿಡಿಯುವುದು, ಒಂದು ಸೋರಿದರೂ ಉಳಿದವು ಒಣಗಿರುತ್ತವೆ. ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಬೇಕು. ತೆಳು ನೈಲಾನಿನವು ಬೆನ್ನುಚೀಲದೊಳಗೆ ಮಳೆಗೆ ಸಾಕು, ದೋಣಿಯ ತಳದ ನೀರಿನಲ್ಲಿ ನೆನೆಯಲು ದಪ್ಪನೆಯವೇ ಬೇಕು.

ಯಾರಿಗೆ ಯಾವುದು

ತಿಂಗಳಿಗೊಮ್ಮೆ ನಡೆಯುವವರು, ದೋಣಿ ಅಪರೂಪ ಎನ್ನುವವರು: ಗಾಳಿ ಮ್ಯಾಟ್, ಡೌನ್ ಬ್ಯಾಗ್, ಹಗುರ ಟೆಂಟ್, ಕೊನೆಗೆ ಚೀಲ. ದೋಣಿ ಬಾಡಿಗೆಯದ್ದೇ ಇರಲಿ, ಲೈಫ್ ಜಾಕೆಟ್ ಮಾತ್ರ ಸ್ವಂತದ್ದು ಕೊಳ್ಳಿ. ಬಾಡಿಗೆ ಕಡೆ ನಿಮ್ಮ ಅಳತೆಯದು ಸಿಗುವ ಭರವಸೆಯಿಲ್ಲ.

ನೀರೇ ಪ್ರಾಣ ಎನ್ನುವವರು: ಮೊದಲು ಜಾಕೆಟ್, ಹುಟ್ಟು, ತರಬೇತಿ. ಆಮೇಲೆ ಹಳೆಯದಾದರೂ ಗಟ್ಟಿಯಾದ ಟೂರಿಂಗ್ ಕಯಾಕ್. ಟೆಂಟ್ ಮೂರು ಕೆಜಿ ಇದ್ದರೂ ಪರವಾಗಿಲ್ಲ, ಸಿಂಥೆಟಿಕ್ ಬ್ಯಾಗಿನಲ್ಲಿ ಉಳಿದ ದುಡ್ಡನ್ನು ಮೈಬಟ್ಟೆಗೆ ಹಾಕಿ.

ಎರಡೂ ಸಮವಾಗಿ ಬೇಕು, ದುಡ್ಡು ಕಡಿಮೆ ಎನ್ನುವವರು ಮಲಗುವ ಸಾಮಾನನ್ನು ಹೆಗಲಿನ ಲೆಕ್ಕಕ್ಕೆ ಕೊಳ್ಳಿ, ಅದು ದೋಣಿಗೂ ಒಗ್ಗುತ್ತದೆ. ದೋಣಿಯ ಲೆಕ್ಕಕ್ಕೆ ಕೊಂಡದ್ದು ಹೆಗಲಿಗೆ ಒಗ್ಗುವುದಿಲ್ಲ. ಡ್ರೈ ಬ್ಯಾಗುಗಳಿಗೆ ಕೈ ಬಿಗಿ ಹಿಡಿಯಬೇಡಿ, ಡೌನ್ ಬ್ಯಾಗಿನ ಆಯುಷ್ಯ ಅವುಗಳ ಕೈಯಲ್ಲಿದೆ.

ಬಳಸಿದ ಸಾಮಾನು ಕೊಳ್ಳುವುದಕ್ಕೆ ಸಂಕೋಚ ಬೇಡ, ನನ್ನ ಅರ್ಧ ಸಾಮಾನು ಹಾಗೆ ಬಂದದ್ದೇ. ಆದರೆ ಲೈಫ್ ಜಾಕೆಟ್ ಮತ್ತು ನೀರಿನ ಫಿಲ್ಟರ್ ಎರಡನ್ನು ಹೊಸದಾಗಿಯೇ ಕೊಳ್ಳಿ, ಅವುಗಳ ಒಳಗಿನ ಕೆಡುಕು ಹೊರಗೆ ಕಾಣದು. ಪಾಲಿಎಥಿಲೀನ್ ಕಯಾಕಿನ ಹೊಟ್ಟೆಯಡಿಯ ಸಣ್ಣ ಗೀರುಗಳಿಗೆ ಹೆದರಬೇಡಿ. ಉಗುರು ಇಳಿಯುವಷ್ಟು ಆಳದ ಸೀಳು, ಸೀಟಿನ ಕೆಳಗೆ ಒಳಕ್ಕೆ ಬಾಗಿದ ತಳ ಇದ್ದರೆ ಬಿಡಿ. ಡೌನ್ ಬ್ಯಾಗನ್ನು ಬಿಡಿಸಿ ಒಂದು ಗಂಟೆ ಹಾಗೇ ಬಿಟ್ಟು, ಬೆಳಕಿಗೆ ಎತ್ತಿ ಹಿಡಿದು ಹೊಲಿಗೆಗಳ ನಡುವೆ ಗರಿಯಿಲ್ಲದ ಖಾಲಿ ಮನೆಗಳು ಎಷ್ಟಿವೆ ನೋಡಿ. ಟೆಂಟನ್ನಂತೂ ಪೂರ್ತಿ ನಿಲ್ಲಿಸಿಯೇ ನೋಡಬೇಕು. ಹೊರಗೋಡೆಯ ಒಳಮೈಗೆ ಅಂಗೈ ಒತ್ತಿ ಹಿಡಿಯಿರಿ. ಅಂಟಂಟಾಗಿದ್ದು ವಾಂತಿಯಂಥ ಹುಳಿ ವಾಸನೆ ಬಂದರೆ ನೀರು ತಡೆಯುವ ಲೇಪ ಕೊಳೆಯುತ್ತಿದೆ ಎಂದರ್ಥ, ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.